ಕಾಡು ಹೆಚ್ಚಾಯ್ತಾ, ಕಮ್ಮಿ ಆಯ್ತಾ? ಸ್ಯಾಟಲೈಟ್ ನಕ್ಷೆಯನ್ನು ಎಷ್ಟು ನಂಬಬಹುದು

ಎರಡು ವರ್ಷಕ್ಕೊಮ್ಮೆ ಡೆಹ್ರಾಡೂನ್‌ನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ (ಎಫ್‌ಎಸ್‌ಐ) ವರದಿ ಬಿಟ್ಟಾಗಲೆಲ್ಲ ಮಲೆನಾಡಿನ ಪೇಟೆಗಳಲ್ಲಿ ಒಂದೇ ಚರ್ಚೆ. 'ರಾಜ್ಯದಲ್ಲಿ ಅರಣ್ಯ ಹೆಚ್ಚಳ' ಅಂತ ಪೇಪರಿನಲ್ಲಿ ಬರುತ್ತೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಅಂಗಡಿ ಕಟ್ಟೆಯಲ್ಲಿ ಕೂತವರು 'ಎಲ್ಲಿ ಮಾರಾಯ ಹೆಚ್ಚಾಗಿದ್ದು?' ಅಂತ ನಗ್ತಾರೆ. 2024ರ ಮೇ ತಿಂಗಳಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಸುದ್ದಿ ಬಂತು. 2000ದಿಂದ ಈಚೆಗೆ ಭಾರತ 23.3 ಲಕ್ಷ ಹೆಕ್ಟೇರ್ ಮರಗಳ ಹೊದಿಕೆ ಕಳೆದುಕೊಂಡಿದೆ ಎಂಬ ಗ್ಲೋಬಲ್ ಫಾರೆಸ್ಟ್ ವಾಚ್ ಅಂಕಿಅಂಶ ನೋಡಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡಿತು. ಒಂದು ಲೆಕ್ಕ ಹೆಚ್ಚಳ ಅನ್ನುತ್ತೆ, ಇನ್ನೊಂದು ನಷ್ಟ ಅನ್ನುತ್ತೆ. ಎರಡೂ ಮೇಲಿಂದ ತೆಗೆದ ಚಿತ್ರದಿಂದಲೇ ಬಂದದ್ದು.

ಇದು ಬರೀ ಪರಿಸರವಾದಿಗಳ ಜಗಳ ಆಗಿದ್ದರೆ ಬಿಡಬಹುದಿತ್ತು. ಆದರೆ ಇಂಥ ನಕ್ಷೆಗಳ ಮೇಲೆ ಊರಿನ ಹಣೆಬರಹ ನಿಂತಿದೆ. ಕಸ್ತೂರಿರಂಗನ್ ವರದಿಯ ಪರಿಸರ ಸೂಕ್ಷ್ಮ ಪ್ರದೇಶದ ಹಳ್ಳಿಗಳ ಪಟ್ಟಿ ಹುಟ್ಟಿದ್ದು ಉಪಗ್ರಹ ಚಿತ್ರದಿಂದ. ಅರಣ್ಯ ಹಕ್ಕು ಅರ್ಜಿ ಹಾಕಿದವರಿಗೆ '2005ರಲ್ಲಿ ಅಲ್ಲಿ ಸಾಗುವಳಿ ಇತ್ತಾ?' ಅನ್ನೋ ಪ್ರಶ್ನೆ ಬಂದಾಗ ತೆರೆಯೋದು ಅದೇ ಚಿತ್ರ. ಬಗರ್‌ಹುಕುಂ ಫಾರಂ 57ರ ಅರ್ಜಿ ಪರಿಶೀಲನೆಗೂ ಕಂದಾಯ ಇಲಾಖೆ ಆ್ಯಪ್ ಜೊತೆ ಉಪಗ್ರಹ ಚಿತ್ರ ಇಟ್ಟುಕೊಂಡಿದೆ. ಪಟ್ಟಿಗೆ ಊರಿನ ಹೆಸರು ಸೇರಿದೆ ಅಂತ ಗುಸುಗುಸು ಶುರುವಾದರೆ ಸೈಟಿನ ರೇಟಿನಿಂದ ಹಿಡಿದು ಹಾರ್ಡ್‌ವೇರ್ ಅಂಗಡಿ ವ್ಯಾಪಾರದವರೆಗೆ ಬಿಸಿ ತಟ್ಟುತ್ತೆ. ಹಾಗಾಗಿ ನಕ್ಷೆ ಎಷ್ಟು ಸರಿ, ಎಲ್ಲಿ ತಪ್ಪುತ್ತೆ ಅನ್ನೋದು ತಾಲೂಕಿನ ಜನ ತಿಳಿದುಕೊಳ್ಳಬೇಕಾದ ವಿಷಯವೇ.

'ಕಾಡು' ಅಂದ್ರೆ ಏನು?

ಮೊದಲ ಗೊಂದಲ ಶುರುವಾಗೋದು ವ್ಯಾಖ್ಯಾನದಲ್ಲಿ. ಎಫ್‌ಎಸ್‌ಐ ಪ್ರಕಾರ ಒಂದು ಹೆಕ್ಟೇರ್ ಅಥವಾ ಹೆಚ್ಚು ಜಾಗದಲ್ಲಿ, ಮೇಲಿಂದ ನೋಡಿದಾಗ ಶೇ 10ರಷ್ಟಾದರೂ ಮರದ ನೆರಳು ಕಂಡರೆ ಅದು 'ಅರಣ್ಯ ಹೊದಿಕೆ'. ಜಾಗ ಯಾರದ್ದು, ಮರ ಯಾವುದು, ಕಾಗದದಲ್ಲಿ ಅರಣ್ಯವೋ ಕಂದಾಯವೋ ಅನ್ನೋದು ಲೆಕ್ಕಕ್ಕಿಲ್ಲ. ತೋಟವೂ ಬಂತು, ಅಕೇಶಿಯಾ ನೆಡುತೋಪೂ ಬಂತು. ಕೊಡಗು ಜಿಲ್ಲೆಯ ಮುಕ್ಕಾಲು ಪಾಲಿಗಿಂತ ಹೆಚ್ಚು ಜಾಗ ಅರಣ್ಯ ಹೊದಿಕೆ ಅಂತ ವರದಿಯಲ್ಲಿ ಕಾಣೋದಕ್ಕೆ ನೆರಳಿನ ಕಾಫಿ ತೋಟಗಳೇ ದೊಡ್ಡ ಕಾರಣ. ಗ್ಲೋಬಲ್ ಫಾರೆಸ್ಟ್ ವಾಚ್ ಲೆಕ್ಕ ಬೇರೆ. ಅದು ಐದು ಮೀಟರ್‌ಗಿಂತ ಎತ್ತರದ ಮರ ಎಲ್ಲಿ ಹೋಯ್ತು ಅಂತ ನೋಡುತ್ತೆ. ಬೆಳೆದ ಅಕೇಶಿಯಾ ಪ್ಲಾಂಟೇಶನ್ ಕಡಿದರೂ 'ನಷ್ಟ', ರಬ್ಬರ್ ಹಳೆಯದಾಗಿ ಕಡಿದು ಹೊಸ ಸಸಿ ಇಟ್ಟರೂ 'ನಷ್ಟ'. ಅದೇ ಪ್ಲಾಂಟೇಶನ್ ನಾಲ್ಕಾರು ವರ್ಷದಲ್ಲಿ ಬೆಳೆದು ನಿಂತಾಗ ಎಫ್‌ಎಸ್‌ಐ ಲೆಕ್ಕದಲ್ಲಿ 'ಹೆಚ್ಚಳ'. ಕಾನು ಕಾಡಿನ ಮರ ಹೋಗಿ ಅಕೇಶಿಯಾ ಬಂದರೂ ಹೊದಿಕೆಯ ಅಂಕಿ ಅಲ್ಲಾಡದೇ ಇರಬಹುದು. ಒಂದು ಹೆಚ್ಚಳ ಅಂದು ಇನ್ನೊಂದು ನಷ್ಟ ಅಂದರೆ ಯಾರೋ ಸುಳ್ಳು ಹೇಳ್ತಿದ್ದಾರೆ ಅಂತಲೇ ಆಗಬೇಕಿಲ್ಲ.

ಗೋಡೌನ್ ಲೆಕ್ಕ

ವ್ಯಾಖ್ಯಾನ ಬಿಟ್ಟು ತಪ್ಪಿನ ವಿಷಯಕ್ಕೆ ಬರೋಣ. 2021ರ ಎಫ್‌ಎಸ್‌ಐ ವರದಿ ಬಿಡುಗಡೆ ಆಗಿದ್ದು 2022ರ ಜನವರಿ 13ರಂದು. ಕರ್ನಾಟಕದ ಅರಣ್ಯ ಹೊದಿಕೆ 38,575 ಚದರ ಕಿ.ಮೀ.ಯಿಂದ 38,730 ಚದರ ಕಿ.ಮೀ.ಗೆ ಏರಿದೆ, ಅಂದರೆ 155 ಚದರ ಕಿ.ಮೀ. ಹೆಚ್ಚಳ ಅಂತ ಅದರಲ್ಲಿತ್ತು. ಹೆಚ್ಚಳದಲ್ಲಿ ದೇಶದಲ್ಲೇ ನಾಲ್ಕನೇ ಸ್ಥಾನ ಅಂತ ದೊಡ್ಡ ಸುದ್ದಿಯಾಯ್ತು. ಕಾಡು ಮತ್ತು ಕಾಡಲ್ಲದ ಜಾಗವನ್ನು ಗುರುತಿಸುವಲ್ಲಿ ನಕ್ಷೆ ಶೇ 95.79ರಷ್ಟು ನಿಖರ, ಅಂತಾರಾಷ್ಟ್ರೀಯವಾಗಿ ಒಪ್ಪೋ ಮಟ್ಟ ಶೇ 85 ಅಂತ ಸರ್ಕಾರ ಹೇಳಿತ್ತು. ಶೇ 95 ದಾಟಿದ್ದು ಒಳ್ಳೆ ಮಾರ್ಕ್ಸೇ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಒಂದು ನಕ್ಷೆಯ ಮಾರ್ಕ್ಸ್. ಎರಡು ನಕ್ಷೆ ಕಳೆದು ಬಂದ 'ಬದಲಾವಣೆ'ಯ ಮಾರ್ಕ್ಸ್ ಅಲ್ಲ.

ಕಿರಾಣಿ ಅಂಗಡಿಯವರಿಗೆ ಇದು ಬೇಗ ಅರ್ಥ ಆಗುತ್ತೆ. ವರ್ಷದ ಮೊದಲು ಗೋಡೌನಿನಲ್ಲಿ ಒಬ್ಬ ಹುಡುಗ ಎಣಿಸಿ 1,000 ಚೀಲ ಅಂದ. ಅವನ ಎಣಿಕೆಯಲ್ಲಿ 40 ಚೀಲ ಆಚೀಚೆ ಆಗುತ್ತೆ ಅಂತ ಗೊತ್ತು. ವರ್ಷದ ಕೊನೆಗೆ ಇನ್ನೊಬ್ಬ ಎಣಿಸಿ 1,004 ಅಂದ. ಅವನದ್ದೂ 40 ಆಚೀಚೆ. ನಾಲ್ಕು ಚೀಲ ಹೆಚ್ಚಾಯ್ತು ಅಂತ ಯಾವ ಸಾಹುಕಾರ ಪುಸ್ತಕದಲ್ಲಿ ಬರೀತಾನೆ? 38,575ಕ್ಕೆ 155 ಸೇರೋದು ಅಂದ್ರೆ ಹೆಚ್ಚೂಕಮ್ಮಿ ಸಾವಿರಕ್ಕೆ ನಾಲ್ಕು. ನಕ್ಷೆಯ ತಪ್ಪು ನೂರಕ್ಕೆ ನಾಲ್ಕು. ಕಾಡನ್ನು ತೋಟ ಅಂದ ತಪ್ಪು, ತೋಟವನ್ನು ಕಾಡು ಅಂದ ತಪ್ಪು ಒಂದಕ್ಕೊಂದು ವಜಾ ಆಗಿ ಒಟ್ಟು ಅಂಕಿ ಹತ್ತಿರ ಬರಬಹುದು ಅನ್ನೋದು ನಿಜ. ಆ 155 ಸುಳ್ಳು ಅಂತ ಇದರಿಂದ ಸಾಬೀತಾಗಲ್ಲ. 155ರ ಪಕ್ಕ 'ಇಷ್ಟು ಹೆಚ್ಚುಕಮ್ಮಿ' ಅಂತ ಒಂದು ಅಂಕಿ ಇಲ್ಲದೇ ಇದ್ದರೆ ಅದು ಸಾಧನೆಯೋ ಎಣಿಕೆಯ ಏರುಪೇರೋ ಹೇಳಕ್ಕಾಗಲ್ಲ, ಅಷ್ಟೇ.

ಎರಡು ನಕ್ಷೆ ಒಂದರ ಮೇಲೊಂದು ಇಟ್ಟಾಗ ತಪ್ಪು ಗುಣಿಸಿಕೊಂಡು ಹೋಗುತ್ತೆ. ಎರಡರದ್ದೂ ನಿಖರತೆ ಶೇ 95.79 ಅಂತ ಹಿಡಿದು, ತಪ್ಪುಗಳು ಬೇರೆ ಬೇರೆ ಜಾಗದಲ್ಲಿ ಆಗಿವೆ ಅಂದುಕೊಂಡರೆ, ಒಂದು ಜಾಗ ಎರಡರಲ್ಲೂ ಸರಿಯಾಗಿ ಗುರುತಾಗಿರುವ ಸಾಧ್ಯತೆ ಸುಮಾರು ಶೇ 92. ಉಳಿದ ಎಂಟು ಕಡೆ ಏನೂ ಆಗದಿದ್ದರೂ 'ಬದಲಾಗಿದೆ' ಅಂತ ಕಾಣಬಹುದು. ನಿಜವಾಗಿ ಬದಲಾಗೋ ಜಾಗ ಎರಡು ವರ್ಷದಲ್ಲಿ ನೂರಕ್ಕೆ ಒಂದೋ ಎರಡೋ ಇದ್ದರೆ, ಸುಳ್ಳು ಬದಲಾವಣೆಯ ಗದ್ದಲದಲ್ಲಿ ನಿಜ ಮುಚ್ಚಿಹೋಗುತ್ತೆ.

ಇನ್ನೊಂದು ಲೆಕ್ಕ ನೋಡಿ. 2023ರ ವರದಿ ಬಿಡುಗಡೆಯಾಗಿದ್ದು 2024ರ ಡಿಸೆಂಬರ್‌ನಲ್ಲಿ. ದೇಶದ ಅರಣ್ಯ ಹೊದಿಕೆ 7,15,342.61 ಚದರ ಕಿ.ಮೀ., ಹೆಚ್ಚಳ 156.41 ಚದರ ಕಿ.ಮೀ. ಅಂತ ಅದರಲ್ಲಿದೆ. ಹಿಂದಿನ ವರದಿಯಲ್ಲಿ ಅಚ್ಚಾದ ಅಂಕಿ 7,13,789. ಕಳೆದರೆ 1,553 ಬರಬೇಕು, 156 ಅಲ್ಲ. ಹಳೆಯ ಲೆಕ್ಕವನ್ನೇ ಪರಿಷ್ಕರಿಸಿ ಹೋಲಿಸಿದಾಗ ಇಂಥ ವ್ಯತ್ಯಾಸ ಬರುತ್ತೆ. ಪರಿಷ್ಕರಣೆ ತಪ್ಪಲ್ಲ, ಮಾಡಲೇಬೇಕು. ಆದರೆ ಹಳೆ ಅಂಕಿಯೇ ಸಾವಿರಾರು ಚದರ ಕಿ.ಮೀ. ಜರುಗಬಹುದಾದರೆ, 156ರ ಹೆಚ್ಚಳಕ್ಕೆ ಭಾಷಣ ಮಾಡೋದು ಸ್ವಲ್ಪ ಜಾಸ್ತಿ ಆಯ್ತು.

ಒಂದು ಚೌಕ ಅಂದ್ರೆ ಎಷ್ಟು ಗುಂಟೆ?

ಉಪಗ್ರಹ ಚಿತ್ರ ಅಂದ್ರೆ ಸಣ್ಣ ಸಣ್ಣ ಚೌಕಗಳ ಜೋಡಣೆ, ಪಿಕ್ಸೆಲ್ ಅಂತಾರೆ. ಎಫ್‌ಎಸ್‌ಐ ಬಳಸಿಕೊಂಡು ಬಂದ ಲಿಸ್-3 ಕ್ಯಾಮೆರಾದ ಒಂದು ಚೌಕ 23.5 ಮೀಟರ್. ಗುಂಟೆ ಲೆಕ್ಕದಲ್ಲಿ ಐದೂವರೆ ಗುಂಟೆ. ಅಮೆರಿಕದ ಲ್ಯಾಂಡ್‌ಸ್ಯಾಟ್‌ನದ್ದು 30 ಮೀಟರ್, ಅಂದ್ರೆ ಸುಮಾರು ಒಂಬತ್ತು ಗುಂಟೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ್ದು 10 ಮೀಟರ್, ಹೆಚ್ಚೂಕಮ್ಮಿ ಒಂದು ಗುಂಟೆ. ಎಫ್‌ಎಸ್‌ಐ ನಕ್ಷೆಯಲ್ಲಿ ಗುರುತಿಸೋ ಅತಿ ಚಿಕ್ಕ ಜಾಗ ಒಂದು ಹೆಕ್ಟೇರ್, ಎರಡು ಎಕರೆ 19 ಗುಂಟೆ.

ಈಗ ಮಲೆನಾಡಿನ ಹಿಡುವಳಿ ನೆನಪಿಸಿಕೊಳ್ಳಿ. 20 ಗುಂಟೆಯ ಚೌಕಾಕಾರದ ತುಂಡು ಅಂದ್ರೆ ಒಂದು ಬದಿ 45 ಮೀಟರ್. ಅದರೊಳಗೆ ಲಿಸ್-3 ಚಿತ್ರದ ಒಂದೇ ಒಂದು ಪೂರ್ತಿ ಚೌಕ ಕೂರಬಹುದು. ಉಳಿದದ್ದೆಲ್ಲ ಅಂಚಿನ ಚೌಕ. ಅರ್ಧ ತೋಟ, ಅರ್ಧ ಪಕ್ಕದ ಸೊಪ್ಪಿನ ಬೆಟ್ಟ. ಅದನ್ನ ಯಂತ್ರ ಯಾವ ಕಡೆಗೆ ಹಾಕುತ್ತೆ ಅನ್ನೋದು ಹೆಚ್ಚೂಕಮ್ಮಿ ಅದೃಷ್ಟ. ಎರಡು ವರ್ಷದ ಚಿತ್ರ ಒಂದರ ಮೇಲೊಂದು ಕೂರಿಸುವಾಗ ಅರ್ಧ ಚೌಕ ಸರಿದರೂ ಸಾಕು, ಅಂಚಿನಲ್ಲಿ ಇಲ್ಲದ ಒತ್ತುವರಿ ಹುಟ್ಟಿಕೊಳ್ಳುತ್ತೆ.

ಅಡಿಕೆ ತೋಟದ ಕಥೆ ಇನ್ನೂ ಕಷ್ಟ. ದಟ್ಟ ತೋಟ, ಪಕ್ಕದಲ್ಲೇ ದಟ್ಟ ಕಾನು, ಬಣ್ಣ ಮೇಲಿಂದ ಹತ್ತಿರ ಹತ್ತಿರ. ಹೊಂಡದ ಹಳ್ಳದಲ್ಲಿರೋ ತೋಟದ ಮೇಲೆ ಗುಡ್ಡದ ನೆರಳು ಬಿದ್ದರೆ ಕಪ್ಪಾಗಿ ಕಾಣುತ್ತೆ. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿದ ವರ್ಷ ಮರ ಬೋಳು, ಕಾಡು ತೆಳುವಾಯ್ತು ಅಂತ ನಕ್ಷೆ ಹೇಳಬಹುದು. ಭದ್ರಾವತಿ, ಶಿಕಾರಿಪುರ ಕಡೆಯ ಎಲೆ ಉದುರೋ ಕಾಡು ಮಾರ್ಚ್‌ನಲ್ಲಿ ಒಣ ಕಡ್ಡಿಯ ಹಾಗೆ ನಿಂತಿರುತ್ತೆ. ಅದಕ್ಕೇ ಎಫ್‌ಎಸ್‌ಐ ಸಾಮಾನ್ಯವಾಗಿ ಅಕ್ಟೋಬರ್‌ನಿಂದ ಡಿಸೆಂಬರ್ ನಡುವಿನ ಚಿತ್ರ ತಗೊಳ್ಳೋದು. ಮೋಡ ಕಮ್ಮಿ, ಎಲೆ ಇನ್ನೂ ಇರುತ್ತೆ.

ಲಿಂಗನಮಕ್ಕಿ ಹಿನ್ನೀರಂತೂ ಬದಲಾವಣೆ ನಕ್ಷೆಗೆ ದೊಡ್ಡ ತಲೆನೋವು. 1,819 ಅಡಿ ತುಂಬಿದ ವರ್ಷ ಎಲ್ಲ ನೀರು. ಮಳೆ ಕೈಕೊಟ್ಟ ವರ್ಷ ಅದೇ ತಿಂಗಳಲ್ಲಿ ನೆಲ ಎದ್ದು ಹುಲ್ಲು ಬಂದಿರುತ್ತೆ. ಎರಡು ಚಿತ್ರ ಹೋಲಿಸಿದರೆ 'ನೀರು ಹೋಗಿ ಹುಲ್ಲುಗಾವಲು ಆಯ್ತು' ಅಂತ ಬರುತ್ತೆ. ಬದಲಾಗಿದ್ದು ಮಳೆ ಮಾತ್ರ.

ನಕ್ಷೆ ಹೇಳಿದ್ದಕ್ಕಿಂತ ನಿಜ ಜಾಸ್ತಿ ಇರಬಹುದು

ತಪ್ಪು ಒಂದೇ ದಿಕ್ಕಿಗೆ ಆಗುತ್ತೆ ಅಂದುಕೊಂಡರೆ ಅದೂ ತಪ್ಪೇ. ಇಲ್ಲದ ಬದಲಾವಣೆಯನ್ನು ಇದೆ ಅನ್ನೋದು ಒಂದು ಬಗೆ, ಆದ ಬದಲಾವಣೆಯನ್ನು ಬಿಟ್ಟುಬಿಡೋದು ಇನ್ನೊಂದು ಬಗೆ. ಎರಡನ್ನೂ ಹಿಡಿಯೋಕೆ ವಿಜ್ಞಾನಿಗಳು ಮಾಡೋ ಕೆಲಸ ಹೀಗಿದೆ. ನಕ್ಷೆಯ ಪ್ರತಿ ಗುಂಪಿನಿಂದ ಲಾಟರಿ ಎತ್ತಿದ ಹಾಗೆ ಜಾಗಗಳನ್ನು ಆರಿಸ್ತಾರೆ. ಸ್ಥಳಕ್ಕೆ ಹೋಗಿ ಅಥವಾ ಹೆಚ್ಚು ಸ್ಪಷ್ಟವಾದ ಚಿತ್ರ ನೋಡಿ ನಿಜ ಏನು ಅಂತ ಬರೀತಾರೆ. ಆಮೇಲೆ ನಕ್ಷೆಯ ಅಂಕಿಯನ್ನು ಅದರ ಪ್ರಕಾರ ತಿದ್ದುತ್ತಾರೆ. ಪಾಂಟಸ್ ಓಲೋಫ್‌ಸನ್ ಮತ್ತು ಸಂಗಡಿಗರು 2014ರಲ್ಲಿ ಬರೆದ ಮಾರ್ಗಸೂಚಿಯನ್ನು ಈ ಕ್ಷೇತ್ರದಲ್ಲಿ ಜಗತ್ತಿನಾದ್ಯಂತ ಅನುಸರಿಸ್ತಾರೆ.

ಉದಾಹರಣೆಗೆ ಒಂದು ಕಾಲ್ಪನಿಕ ತಾಲೂಕು ತಗೊಳ್ಳೋಣ, ಒಟ್ಟು ಒಂದು ಲಕ್ಷ ಹೆಕ್ಟೇರ್. 2,000 ಹೆಕ್ಟೇರ್ ಕಾಡು ಹೋಗಿದೆ, 98,000 ಹೆಕ್ಟೇರ್ ಹಾಗೇ ಇದೆ ಅನ್ನುತ್ತೆ ನಕ್ಷೆ. 'ಹೋಗಿದೆ' ಅಂದ ಕಡೆ 100 ಜಾಗ ನೋಡಿದಾಗ 80 ಸರಿ, 20 ತಪ್ಪು. 'ಹಾಗೇ ಇದೆ' ಅಂದ ಕಡೆ 200 ಜಾಗ ನೋಡಿದಾಗ 196 ಸರಿ, ನಾಲ್ಕು ಕಡೆ ನಿಜವಾಗಿ ಕಾಡು ಹೋಗಿದೆ. ಈಗ ಲೆಕ್ಕ ಹಾಕಿ. 2,000ದಲ್ಲಿ ಶೇ 80 ಅಂದ್ರೆ 1,600 ಹೆಕ್ಟೇರ್. 98,000ದಲ್ಲಿ ಶೇ 2 ಅಂದ್ರೆ 1,960 ಹೆಕ್ಟೇರ್. ಒಟ್ಟು 3,560. ನಕ್ಷೆ ಹೇಳಿದ್ದು 2,000. ಇಷ್ಟಾದರೂ ಈ ನಕ್ಷೆಯ ಒಟ್ಟು ನಿಖರತೆ ಶೇ 97.64! ಬದಲಾಗದ ಜಾಗವೇ ಜಾಸ್ತಿ ಇರೋದರಿಂದ ಸುಮ್ಮನೆ 'ಬದಲಾಗಿಲ್ಲ' ಅಂದರೂ ಮಾರ್ಕ್ಸ್ ಬರುತ್ತೆ. ಪಾಸಾಗೋಕೆ ಸುಲಭದ ಪ್ರಶ್ನೆ ಸಾಕು.

ಆ 3,560 ಕೂಡ ಪಕ್ಕಾ ಅಲ್ಲ. ನೋಡಿದ್ದು 300 ಜಾಗ ಮಾತ್ರ, ಹಾಗಾಗಿ 1,900 ಹೆಕ್ಟೇರ್‌ನಷ್ಟು ಆಚೀಚೆ ಆಗಬಹುದು. 1,650ರಿಂದ 5,470ರ ನಡುವೆ ಎಲ್ಲೋ ಒಂದು ಕಡೆ. ಇದನ್ನು ಬಿಗಿ ಮಾಡಬೇಕು ಅಂದ್ರೆ ಇನ್ನಷ್ಟು ಜಾಗ ನೋಡಬೇಕು, ಅದರಲ್ಲೂ ತಪ್ಪು ಹೆಚ್ಚಾಗೋ ಕಡೆ, ಅಂದ್ರೆ ಕಾಡಿನಂಚು, ರಸ್ತೆ ಬದಿ, ತೋಟ ವಿಸ್ತರಣೆ ನಡೆಯೋ ಹಳ್ಳದ ಬದಿ. ಅಂಚನ್ನೇ ಬೇರೆ ಗುಂಪು ಮಾಡಿ ಅಲ್ಲಿಂದ ಹೆಚ್ಚು ಜಾಗ ಎತ್ತೋದು ಈಗ ರೂಢಿಯಲ್ಲಿದೆ.

ಒಂದು ಎಚ್ಚರಿಕೆ. ಯಂತ್ರಕ್ಕೆ ಕಲಿಸೋಕೆ ಬಳಸಿದ ಜಾಗಗಳನ್ನೇ ಪರೀಕ್ಷೆಗೂ ಬಳಸಬಾರದು. ಪ್ರಶ್ನೆಪತ್ರಿಕೆ ಮೊದಲೇ ಕೊಟ್ಟು ಪರೀಕ್ಷೆ ಮಾಡಿದ ಹಾಗೆ ಆಗುತ್ತೆ. ರಸ್ತೆ ಬದಿಯ, ಜೀಪ್ ಹೋಗೋ ಜಾಗ ಮಾತ್ರ ನೋಡಿ ಬರೋದೂ ನಡೆಯಲ್ಲ. ಒಳಗಿನ ಕಾನಿನಲ್ಲಿ ಏನಾಗಿದೆ ಅಂತ ರಸ್ತೆಯಿಂದ ಕಾಣಲ್ಲ.

ಯುರೋಪಿನ ವರ್ಲ್ಡ್‌ಕವರ್ ಅನ್ನೋ 10 ಮೀಟರ್ ನಕ್ಷೆ ಮೊಬೈಲಿನಲ್ಲೇ ನೋಡಬಹುದು. 2020ರ ನಕ್ಷೆಯ ನಿಖರತೆ ಶೇ 74.4, 2021ರದ್ದು ಶೇ 76.7. ಎರಡನ್ನೂ ಬೇರೆ ಬೇರೆ ವಿಧಾನದಲ್ಲಿ ಮಾಡಿರೋದರಿಂದ ನಡುವಿನ ವ್ಯತ್ಯಾಸದಲ್ಲಿ ವಿಧಾನದ ವ್ಯತ್ಯಾಸವೂ ಸೇರಿದೆ ಅಂತ ತಯಾರಿಸಿದವರೇ ಹೇಳಿದ್ದಾರೆ. ಗ್ಲೋಬಲ್ ಫಾರೆಸ್ಟ್ ವಾಚ್ ಕೂಡ ಹಳೆ ವರ್ಷ, ಹೊಸ ವರ್ಷಗಳನ್ನು ನೇರ ಹೋಲಿಸುವಾಗ ಹುಷಾರು ಅನ್ನುತ್ತೆ. ವಾಟ್ಸ್‌ಆ್ಯಪ್‌ನಲ್ಲಿ ಬರೋ ಕೆಂಪು ಚುಕ್ಕೆಯ ಚಿತ್ರಗಳಲ್ಲಿ ಈ ಎಚ್ಚರಿಕೆ ಎಲ್ಲೂ ಇರಲ್ಲ.

ಕೇರಳ ತಿದ್ದಿತು, ಕರ್ನಾಟಕ ತಿರಸ್ಕರಿಸಿತು

ಕಸ್ತೂರಿರಂಗನ್ ಸಮಿತಿ 2013ರ ಏಪ್ರಿಲ್‌ನಲ್ಲಿ ವರದಿ ಕೊಟ್ಟಾಗ ಇಡೀ ಪಶ್ಚಿಮ ಘಟ್ಟದ ಶೇ 37ರಷ್ಟನ್ನು, ಸುಮಾರು 60 ಸಾವಿರ ಚದರ ಕಿ.ಮೀ., ಪರಿಸರ ಸೂಕ್ಷ್ಮ ಅಂತ ಗುರುತಿಸಿತು. ಗಾಡ್ಗೀಳ್ ಸಮಿತಿ ಒಂಬತ್ತು ಕಿ.ಮೀ. ಉದ್ದಗಲದ ಚೌಕ ಬಳಸಿತ್ತು, ಇದು 24 ಮೀಟರ್ ಚಿತ್ರ ಬಳಸಿತು. ಸೂಕ್ಷ್ಮತೆಯಲ್ಲಿ ಹೋಲಿಕೆಯೇ ಇಲ್ಲ. ಕಾಡನ್ನು 'ನೈಸರ್ಗಿಕ', ತೋಟ ಗದ್ದೆ ಊರುಗಳನ್ನು 'ಸಾಂಸ್ಕೃತಿಕ' ಅಂತ ಬೇರ್ಪಡಿಸಿತು. ಆದರೆ ಪಟ್ಟಿ ಮಾಡಿದ್ದು ಹಳ್ಳಿ ಲೆಕ್ಕದಲ್ಲಿ. ಗ್ರಾಮದ ಶೇ 20 ಅಥವಾ ಹೆಚ್ಚು ಜಾಗ ಸೂಕ್ಷ್ಮ ಅಂತ ಬಂದರೆ ಇಡೀ ಗ್ರಾಮ ಪಟ್ಟಿಯೊಳಗೆ.

ತೊಂದರೆ ಇಲ್ಲೇ. ಶೇ 60 ಕಾಡಿರೋ ಗ್ರಾಮದಲ್ಲಿ ನಕ್ಷೆ ಐದು ಪರ್ಸೆಂಟ್ ತಪ್ಪಿದರೂ ಫಲಿತಾಂಶ ಬದಲಾಗಲ್ಲ. ಶೇ 17 ಇರೋ ಗ್ರಾಮದಲ್ಲಿ ಒಂದಷ್ಟು ಅಡಿಕೆ ತೋಟ ಕಾಡು ಅಂತ ಬಿದ್ದರೆ ಶೇ 21 ಆಗಿ ಇಡೀ ಊರು ಒಳಗೆ ಹೋಗುತ್ತೆ. ಉಲ್ಟಾನೂ ಆಗಬಹುದು, ಉಳಿಸಬೇಕಾದ ಕಾನಿರೋ ಊರು ಹೊರಗೆ ಉಳಿಯಬಹುದು. ಸ್ಥಳ ಪರಿಶೀಲನೆಗೆ ಹಣ, ಜನ ಕಮ್ಮಿ ಇದ್ದರೆ ಮೊದಲು ನೋಡಬೇಕಾಗಿದ್ದು ಈ ಗಡಿರೇಖೆಯ ಊರುಗಳನ್ನು.

ಕೇರಳ ಉಮ್ಮನ್ ವಿ. ಉಮ್ಮನ್ ನೇತೃತ್ವದ ಸಮಿತಿ ಮಾಡಿ ಹಳ್ಳಿಗಳಲ್ಲಿ ಪರಿಶೀಲನೆ ನಡೆಸಿತು. 13,108 ಚದರ ಕಿ.ಮೀ. ಇದ್ದದ್ದು 9,993.7ಕ್ಕೆ ಇಳಿಯಿತು, 2014ರ ಕೇಂದ್ರದ ಕರಡಿನಲ್ಲೇ ಅದು ಸೇರಿತು. ಅದರಲ್ಲಿ ರಾಜಕೀಯ ಇರಲಿಲ್ಲ ಅಂತಲ್ಲ, ಚುನಾವಣೆ ಹೊಸ್ತಿಲಲ್ಲಿತ್ತು. ಆದರೂ ನಕ್ಷೆಯ ಎದುರು ಇನ್ನೊಂದು ನಕ್ಷೆ ಇಟ್ಟರು. ಕರ್ನಾಟಕದ ಅಂಕಿ 2024ರ ಜುಲೈ 31ರ ಆರನೇ ಕರಡಿನಲ್ಲೂ 20,668 ಚದರ ಕಿ.ಮೀ. ಆಗಿಯೇ ಉಳಿದಿದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ವರದಿಯನ್ನೇ ತಿರಸ್ಕರಿಸಿತು. ವೇದಿಕೆಯಲ್ಲಿ ಅದಕ್ಕೆ ಚಪ್ಪಾಳೆ ಬಿತ್ತು. ಆದರೆ ತಿರಸ್ಕಾರದಿಂದ ಒಂದು ಸರ್ವೆ ನಂಬರ್ ಕೂಡ ಸರಿಯಾಗಲ್ಲ, ಮುಂದಿನ ಕರಡು ಬಂದಾಗ ಅದೇ ಪಟ್ಟಿ ಎದುರು ನಿಲ್ಲುತ್ತೆ.

ನಕ್ಷೆ ಉತ್ತಮ ಆಗೋದು ಹೇಗೆ

ಎರಡು ದಿನದ ಎರಡು ಚಿತ್ರ ಹೋಲಿಸೋ ಬದಲು ವರ್ಷಗಟ್ಟಲೆ ಸಾಲಾಗಿ ಚಿತ್ರ ನೋಡಬೇಕು. ಸೆಂಟಿನೆಲ್-2 ಜೋಡಿ ಐದು ದಿನಕ್ಕೊಮ್ಮೆ ಬರುತ್ತೆ, ಲ್ಯಾಂಡ್‌ಸ್ಯಾಟ್‌ನ ಹಳೆ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಸಾಲಾಗಿ ನೋಡಿದರೆ ಹಿನ್ನೀರಿನ ಏರಿಳಿತ, ಎಲೆ ಉದುರೋದು ಪ್ರತಿ ವರ್ಷದ ಲಯ ಅಂತ ಗೊತ್ತಾಗುತ್ತೆ, ಲಯ ಮುರಿದದ್ದು ಮಾತ್ರ ಬದಲಾವಣೆ. ಮುಂಗಾರಿನ ನಾಲ್ಕು ತಿಂಗಳ ಮೋಡಕ್ಕೆ ರೇಡಾರ್ ಬೇಕು. ಇಸ್ರೋ ಮತ್ತು ನಾಸಾ ಸೇರಿ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿಸಿದ ನೈಸಾರ್ ಉಪಗ್ರಹ 12 ದಿನಕ್ಕೊಮ್ಮೆ ಅದೇ ಜಾಗ ನೋಡುತ್ತೆ. ಅದರ ಉದ್ದ ತರಂಗ ಎಲೆಯ ಪದರ ದಾಟಿ ಕೊಂಬೆ ಕಾಂಡದವರೆಗೆ ಹೋಗೋದರಿಂದ ಅಡಿಕೆ ತೋಟ ಮತ್ತು ಕಾನು ಬೇರ್ಪಡಿಸೋಕೆ ನೆರವಾಗಬಹುದು.

ಸ್ಥಳದ ಮಾಹಿತಿಗೂ ದೂರ ಹೋಗಬೇಕಿಲ್ಲ. ರಾಜ್ಯದ ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಪ್ರತಿ ಹಂಗಾಮಿನಲ್ಲೂ ಸರ್ವೆ ನಂಬರ್ ಸಮೇತ ಬೆಳೆಯ ಫೋಟೊ ಸೇರುತ್ತೆ. 'ಅಡಿಕೆ' ಅನ್ನೋ ಬೇರೆ ಗುಂಪನ್ನು ಯಂತ್ರಕ್ಕೆ ಕಲಿಸೋಕೆ ಇದಕ್ಕಿಂತ ದೊಡ್ಡ ಖಜಾನೆ ಇಲ್ಲ. ಪರೀಕ್ಷೆಗೆ ಮಾತ್ರ ಲಾಟರಿಯಲ್ಲಿ ಎತ್ತಿದ ಜಾಗವೇ ಆಗಬೇಕು. ಎಲ್ಲಕ್ಕಿಂತ ಮುಖ್ಯ, ದೇಶಕ್ಕೆ ಒಂದು ನಿಖರತೆ ಹೇಳಿದರೆ ಮಲೆನಾಡಿಗೆ ಪ್ರಯೋಜನ ಇಲ್ಲ. ಬಯಲುಸೀಮೆಯಲ್ಲಿ ಕಾಡು ಗುರುತಿಸೋದು ಸುಲಭ, ಇಲ್ಲಿ ಕಷ್ಟ. ಜಿಲ್ಲಾವಾರು ತಪ್ಪಿನ ಪಟ್ಟಿ, ನೋಡಿದ ಜಾಗಗಳ ವಿವರ ಬಹಿರಂಗ ಆಗಬೇಕು.

ಅರ್ಜಿ ಹಾಕಿದವರು ತಿಳಿಯಬೇಕಾದದ್ದು

ಅರಣ್ಯ ಹಕ್ಕು ಕಾಯ್ದೆಯ ಗಡುವು 2005ರ ಡಿಸೆಂಬರ್ 13. ಫಾರಂ 57ಕ್ಕೆ 2005ರ ಜನವರಿ 1ಕ್ಕಿಂತ ಮೊದಲಿನ ಸಾಗುವಳಿ. ಆ ಕಾಲದ ಚಿತ್ರ ಎಂಥದ್ದು? ಸೆಂಟಿನೆಲ್-2 ಆಗ ಹುಟ್ಟಿರಲಿಲ್ಲ, ಮೊದಲನೆಯದು ಹಾರಿದ್ದು 2015ರಲ್ಲಿ. ಲ್ಯಾಂಡ್‌ಸ್ಯಾಟ್-7ರ ಒಂದು ಭಾಗ 2003ರ ಮೇ ಅಂತ್ಯದಲ್ಲಿ ಕೆಟ್ಟು, ಆಮೇಲಿನ ಪ್ರತಿ ಚಿತ್ರದಲ್ಲೂ ಶೇ 22ರಷ್ಟು ಜಾಗ ಪಟ್ಟೆ ಪಟ್ಟೆಯಾಗಿ ಖಾಲಿ. ಉಳಿದದ್ದು ಒಂಬತ್ತು ಗುಂಟೆಯ, ಐದೂವರೆ ಗುಂಟೆಯ ಚೌಕಗಳ ಚಿತ್ರ. ಇನ್ನೂ ಸ್ಪಷ್ಟವಾದ ಕ್ಯಾಮೆರಾಗಳು ಆಗಲೂ ಇದ್ದವು, ಆದರೆ ಬೇಕಾದ ಜಾಗದ ಬೇಕಾದ ತಿಂಗಳ ಚಿತ್ರ ಅದರಲ್ಲಿ ಇರಬೇಕಲ್ಲ. ಮರದ ನೆರಳಲ್ಲಿ 15 ಗುಂಟೆ ಅಡಿಕೆ ಸಸಿ ಇಟ್ಟಿದ್ದ ಜಾಗ ಇಂಥ ಚಿತ್ರದಲ್ಲಿ 'ಕಾಡು' ಅಂತ ಕಂಡರೆ ಆಶ್ಚರ್ಯ ಇಲ್ಲ. ಚಿತ್ರದಲ್ಲಿ ಕಾಣಲಿಲ್ಲ ಅನ್ನೋದು ಬೇರೆ, ನೆಲದಲ್ಲಿ ಇರಲಿಲ್ಲ ಅನ್ನೋದು ಬೇರೆ.

ಕಾನೂನು ಇದನ್ನು ಮೊದಲೇ ಯೋಚಿಸಿದೆ. ಅರಣ್ಯ ಹಕ್ಕು ನಿಯಮಗಳಿಗೆ 2012ರಲ್ಲಿ ಆದ ತಿದ್ದುಪಡಿಯ 12ಎ ನಿಯಮದ ಪ್ರಕಾರ ಉಪಗ್ರಹ ಚಿತ್ರ ಬೇರೆ ಸಾಕ್ಷ್ಯಗಳಿಗೆ ಪೂರಕ ಮಾತ್ರ, ಅವುಗಳ ಬದಲಿಗೆ ಅಲ್ಲ. ಹಿರಿಯರ ಹೇಳಿಕೆ, ಹಳೆ ದಾಖಲೆ, ಸ್ಥಳದಲ್ಲಿರೋ ಬಾವಿ, ಕಟ್ಟೆ, ಮನೆ ಅಡಿಪಾಯ ಎಲ್ಲವೂ ಸಾಕ್ಷ್ಯವೇ. ಗ್ರಾಮಸಭೆಯ ನಿರ್ಣಯದಿಂದ ಅನ್ಯಾಯ ಆಗಿದೆ ಅನ್ನಿಸಿದರೆ 60 ದಿನದೊಳಗೆ ಉಪವಿಭಾಗ ಮಟ್ಟದ ಸಮಿತಿಗೆ, ಅಲ್ಲೂ ಸರಿಹೋಗದಿದ್ದರೆ ಮತ್ತೆ 60 ದಿನದೊಳಗೆ ಜಿಲ್ಲಾ ಮಟ್ಟದ ಸಮಿತಿಗೆ ಮನವಿ ಕೊಡಬಹುದು. ಮನವಿಯಲ್ಲಿ ಯಾವ ಉಪಗ್ರಹದ ಚಿತ್ರ, ಯಾವ ತಾರೀಖಿನದ್ದು, ಒಂದು ಚೌಕ ಎಷ್ಟು ಮೀಟರ್, ಸ್ಥಳ ಪರಿಶೀಲನೆ ಮಹಜರು ಆಗಿದೆಯೋ ಇಲ್ಲವೋ ಅನ್ನೋ ನಾಲ್ಕು ಪ್ರಶ್ನೆ ಬರೆದು ಲಿಖಿತ ಉತ್ತರ ಕೇಳಬೇಕು, ಮತ್ತು ಸ್ವೀಕೃತಿ ಚೀಟಿ ತಗೊಳ್ಳೋದು ಮರೆಯಬಾರದು.